ಹಾಲು ಉಕ್ಕುವ ಮುಂಚೆ ಉರಿ ಸಣ್ಣ ಮಾಡಿ: ಸಿಟ್ಟು, ಬೇಜಾರು, ಗಾಬರಿ ನಿಭಾಯಿಸುವುದು ಹೇಗೆ

ರಾತ್ರಿ ಎಂಟು ಗಂಟೆ. ನಾನು ಆಫೀಸಿನಿಂದ ಬಂದು ಬ್ಯಾಗ್ ಕೆಳಗಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ. ಎರಡನೇ ಕ್ಲಾಸಿನ ಮಗ ಲೆಕ್ಕದ ಪುಸ್ತಕ ಹಿಡಿದು ಬಂದ. 42ರಲ್ಲಿ 17 ಕಳೆಯಬೇಕು. 35 ಅಂತ ಬರೆದಿದ್ದ. ಹೇಳಿಕೊಟ್ಟೆ. ಅಳಿಸಿ ಮತ್ತೆ 35 ಬರೆದ. ಮೂರನೇ ಸಲವೂ 35. ನಾನು ಕಿರುಚಿದೆ, ಪಕ್ಕದ ಮನೆಗೆ ಕೇಳಿಸುವ ಹಾಗೆ. ಅವನು ಅಳಲಿಲ್ಲ. ಎಡಗೈಯನ್ನು ಮೆಲ್ಲಗೆ ಆ ಉತ್ತರದ ಮೇಲಿಟ್ಟು ಮುಚ್ಚಿಕೊಂಡ. ಆ ಪುಟ್ಟ ಕೈ ಇವತ್ತಿಗೂ ನನ್ನ ಕಣ್ಣಲ್ಲಿದೆ.

ಅವತ್ತಿನಿಂದ ನಾನು ಈ ವಿಷಯ ಓದಲು ಶುರು ಮಾಡಿದೆ. ಮನಶ್ಶಾಸ್ತ್ರದವರು ಇದನ್ನು ಎಮೋಷನ್ ರೆಗ್ಯುಲೇಷನ್ ಅನ್ನುತ್ತಾರೆ. ನಮ್ಮ ಮಾತಲ್ಲಿ ಹೇಳುವುದಾದರೆ, ಭಾವನೆ ಬಂದಾಗ ಅದನ್ನು ಏನು ಮಾಡುತ್ತೀವಿ ಅನ್ನುವುದು. ನಾನು ಡಾಕ್ಟರ್ ಅಲ್ಲ. ಓದಿದ್ದನ್ನು ಮನೆಯಲ್ಲಿ ಮಾಡಿ ನೋಡಿದ್ದೇನೆ. ಉಪಯೋಗಕ್ಕೆ ಬಂದದ್ದನ್ನು, ಯಾಕೆ ಬರುತ್ತದೆ ಅನ್ನುವುದರ ಸಮೇತ, ಇಲ್ಲಿ ಬರೆಯುತ್ತಿದ್ದೇನೆ.

ನುಂಗಿಕೊಂಡರೆ ಹೋಗುವುದಿಲ್ಲ

ನಮ್ಮಲ್ಲಿ ಸಿಗುವ ಸಲಹೆ ಹೆಚ್ಚುಕಮ್ಮಿ ಒಂದೇ. ಹೊಟ್ಟೆಗೆ ಹಾಕಿಕೋ. ಅಡ್ಜಸ್ಟ್ ಮಾಡಿಕೋ. ಗಂಡುಮಗ ಆಗಿ ಅಳ್ತೀಯಾ? ಒಟ್ಟಿನಲ್ಲಿ ಮುಖದಲ್ಲಿ ತೋರಿಸಬೇಡ ಅಂತ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಗ್ರಾಸ್ ಇದನ್ನೇ ಪರೀಕ್ಷೆ ಮಾಡಿ 1998ರಲ್ಲಿ ಪ್ರಕಟಿಸಿದರು. 120 ಜನರಿಗೆ ಕೈ ಕತ್ತರಿಸುವ ಆಪರೇಷನ್ನಿನ ಚಿತ್ರ ತೋರಿಸಿದರು. ಒಂದು ಗುಂಪಿಗೆ ಸುಮ್ಮನೆ ನೋಡಿ ಅಂದರು. ಇನ್ನೊಂದು ಗುಂಪಿಗೆ, ನಿಮಗೆ ಏನಾಗುತ್ತಿದೆ ಅಂತ ಮುಖದಲ್ಲಿ ಗೊತ್ತಾಗಬಾರದು ಅಂದರು. ಮೂರನೆಯವರಿಗೆ, ಭಾವನೆಗೆ ಸಿಕ್ಕಿಕೊಳ್ಳದೆ, ಹೊರಗೆ ನಿಂತು ವಿಷಯ ತಿಳಿದುಕೊಳ್ಳುವವರ ಹಾಗೆ ನೋಡಿ ಅಂದರು. ಮುಖ ಬಿಗಿಹಿಡಿದವರು ಹೊರಗೆ ಶಾಂತವಾಗಿಯೇ ಕಂಡರು. ಆದರೆ ಅವರಿಗೆ ಅಸಹ್ಯ ಒಂದಿಷ್ಟೂ ಕಡಿಮೆ ಆಗಿರಲಿಲ್ಲ. ಮೈ ಮಾತ್ರ ಸುಮ್ಮನೆ ನೋಡಿದವರಿಗಿಂತ ಜಾಸ್ತಿ ಒದ್ದಾಡುತ್ತಿತ್ತು: ಬೆರಳಿನ ರಕ್ತನಾಳ ಬಿಗಿದಿತ್ತು, ಚರ್ಮ ಬೆವರುತ್ತಿತ್ತು. ನೋಡುವ ದೃಷ್ಟಿಯನ್ನೇ ಬದಲಾಯಿಸಿಕೊಂಡ ಮೂರನೇ ಗುಂಪಿಗೆ ಅಸಹ್ಯವೇ ಕಡಿಮೆ ಆಗಿತ್ತು, ಮೈ ಒದ್ದಾಟವೂ ಜಾಸ್ತಿ ಆಗಿರಲಿಲ್ಲ.

ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತ ಜಾಸ್ತಿ ತಟ್ಟಿತು. ಎಮಿಲಿ ಬಟ್ಲರ್ ಮತ್ತು ಜೊತೆಯವರು 2003ರಲ್ಲಿ, ಪರಿಚಯವಿಲ್ಲದ ಇಬ್ಬಿಬ್ಬರು ಹೆಂಗಸರನ್ನು ಕೂರಿಸಿ ಮನಸ್ಸು ಕಲಕುವ ಚಿತ್ರ ತೋರಿಸಿ, ಆಮೇಲೆ ಅದರ ಬಗ್ಗೆ ಮಾತಾಡಿ ಅಂದರು. ಕೆಲವು ಜೋಡಿಗಳಲ್ಲಿ ಒಬ್ಬರಿಗೆ ಮಾತ್ರ ಗುಟ್ಟಾಗಿ, ಭಾವನೆ ತೋರಿಸಬೇಡಿ ಅಂತ ಹೇಳಿದ್ದರು. ಹಾಗೆ ಮುಚ್ಚಿಟ್ಟುಕೊಂಡವರ ಎದುರು ಕೂತವರ ರಕ್ತದೊತ್ತಡ ಏರಿತು. ಎದುರಿನವರಿಗೆ ಏನೂ ಗೊತ್ತಿರಲಿಲ್ಲ, ಆದರೂ ಅವರ ಮೈಗೆ ಗೊತ್ತಾಗಿತ್ತು. ಮನೆಯಲ್ಲಿ ಒಬ್ಬರು ಬಾಯಿ ಬಿಗಿದುಕೊಂಡು ಓಡಾಡುತ್ತಿದ್ದರೆ ಉಳಿದವರಿಗೆ ಉಸಿರು ಕಟ್ಟಿದ ಹಾಗಾಗುತ್ತದಲ್ಲ, ಅದೇ.

ಒಂದು ಮಾತು ಇಲ್ಲಿ ಹೇಳಲೇಬೇಕು. ಇದೇ ಬಟ್ಲರ್ 2007ರಲ್ಲಿ ತೋರಿಸಿದ ಪ್ರಕಾರ, ತಾಳ್ಮೆ ಮತ್ತು ಎದುರಿನವರ ಮರ್ಯಾದೆಗೆ ಬೆಲೆ ಕೊಡುವ ಏಷ್ಯಾದ ರೀತಿಯಲ್ಲಿ ಬೆಳೆದವರಿಗೆ ಭಾವನೆ ಅದುಮಿಡುವುದರಿಂದ ಆಗುವ ತೊಂದರೆ ಕಡಿಮೆ. ಹಾಗಾಗಿ ಮಾವನವರ ಮುಂದೆ ಒಂದು ಮಾತು ತಡೆದುಕೊಂಡರೆ ಆರೋಗ್ಯ ಹಾಳಾಗುತ್ತದೆ ಅಂತ ಯಾರೂ ಗಾಬರಿ ಆಗಬೇಕಿಲ್ಲ. ತೊಂದರೆ ಇರುವುದು ಅದೊಂದೇ ದಾರಿ ಗೊತ್ತಿದ್ದಾಗ.

ಹಾಗಂತ ಕಾರಿಕೊಳ್ಳುವುದೂ ಬೇಡ

ಸಿಟ್ಟು ಬಂದಾಗ ಕಿರುಚಿ, ದಿಂಬಿಗೆ ಗುದ್ದಿ, ಎಲ್ಲಾ ಹೊರಗೆ ಹಾಕಿದರೆ ಹಗುರ ಆಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನಾನೂ ನಂಬಿದ್ದೆ. ಬ್ರ್ಯಾಡ್ ಬುಷ್‌ಮನ್ 2002ರಲ್ಲಿ ವಿದ್ಯಾರ್ಥಿಗಳಿಗೆ ಬೇಕಂತಲೇ ಸಿಟ್ಟು ಬರಿಸಿ, ಕೆಲವರಿಗೆ ಸಿಟ್ಟು ಬರಿಸಿದವರನ್ನು ನೆನೆಸಿಕೊಂಡು ಗುದ್ದುಚೀಲಕ್ಕೆ ಗುದ್ದಿ ಅಂದರು, ಇನ್ನು ಕೆಲವರನ್ನು ಎರಡು ನಿಮಿಷ ಸುಮ್ನೆ ಕೂರಿಸಿದರು. ಆಮೇಲೆ ನೋಡಿದರೆ ಗುದ್ದಿದವರಲ್ಲೇ ಸಿಟ್ಟು ಜಾಸ್ತಿ ಇತ್ತು. ಸುಮ್ನೆ ಕೂತವರಲ್ಲಿ ಕಡಿಮೆ ಇತ್ತು. 2024ರಲ್ಲಿ ಅವರೇ ಇನ್ನೊಬ್ಬರ ಜೊತೆ ಸೇರಿ 154 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗಲೂ ಅದೇ ಬಂತು. ಮೈಯ ಕಾವು ಏರಿಸುವ ಕೆಲಸದಿಂದ ಸಿಟ್ಟು ಕಡಿಮೆಯಾಗುವುದಿಲ್ಲ. ನಿಧಾನ ಉಸಿರಾಟ, ಧ್ಯಾನ, ಯೋಗದಂಥ ಕಾವು ಇಳಿಸುವ ಕೆಲಸದಿಂದ ಕಡಿಮೆಯಾಗುತ್ತದೆ. ವಾಕಿಂಗ್, ಓಟ ಮನಸ್ಸಿಗೆ ಬೇರೆ ಎಷ್ಟೋ ರೀತಿಯಲ್ಲಿ ಒಳ್ಳೆಯದು, ಬಿಡಬೇಡಿ. ಆದರೆ ಸಿಟ್ಟು ನೆತ್ತಿಗೇರಿದ ಆ ಗಳಿಗೆಯಲ್ಲಿ ಮೊದಲು ಕೂತುಕೊಳ್ಳಿ.

ಹಾಲಿನ ಲೆಕ್ಕ

ಈಗ ಮುಖ್ಯ ವಿಷಯ. ಒಲೆ ಮೇಲೆ ಹಾಲಿಟ್ಟವರಿಗೆ ಇದು ಬೇಗ ಅರ್ಥ ಆಗುತ್ತದೆ. ಹಾಲು ಉಕ್ಕಿದ ಮೇಲೆ ಒಲೆ ಒರೆಸಬಹುದು, ಅಷ್ಟೇ. ಅಂಚಿಗೆ ಬಂದಾಗ ಊದಬಹುದು, ಸೌಟು ಆಡಿಸಬಹುದು. ಅದಕ್ಕೂ ಮುಂಚೆ ಉರಿ ಸಣ್ಣ ಮಾಡಬಹುದು. ಇನ್ನೂ ಮುಂಚೆ, ಸ್ವಲ್ಪ ದೊಡ್ಡ ಪಾತ್ರೆ ಇಡಬಹುದಿತ್ತು. ಗ್ರಾಸ್ 1998ರಲ್ಲೇ ಕೊಟ್ಟ ಮಾದರಿ ಇದೇ: ಭಾವನೆ ಹಂತಹಂತವಾಗಿ ಏರುತ್ತದೆ, ಐದು ಜಾಗದಲ್ಲಿ ಕೈ ಹಾಕಬಹುದು, ಎಷ್ಟು ಬೇಗ ಹಾಕುತ್ತೀರೋ ಅಷ್ಟು ಸುಲಭ. ನಾವು ಬಹುತೇಕ ಸಲ ಕೈ ಹಾಕುವುದು ಕೊನೆಯ ಜಾಗದಲ್ಲಿ, ಹಾಲು ಉಕ್ಕಿ ಒಲೆ ಆರಿದ ಮೇಲೆ.

ನಮ್ಮ ಮನೆಯ 42 ಮತ್ತು 17ನ್ನೇ ತೆಗೆದುಕೊಳ್ಳಿ. ಮೊದಲನೆಯದು ಸಂದರ್ಭವನ್ನೇ ಆರಿಸಿಕೊಳ್ಳುವುದು. ಬಸ್ಸಿನಲ್ಲಿ ಒಂದೂವರೆ ಗಂಟೆ ನಿಂತು ಬಂದು, ಹೊಟ್ಟೆ ಹಸಿದಾಗ, ಎಂಟು ಗಂಟೆಗೆ ನಾನು ಲೆಕ್ಕ ಹೇಳಿಕೊಡಲು ಕೂರಲೇಬಾರದಿತ್ತು. ಈಗ ಬೆಳಿಗ್ಗೆ ಆರೂವರೆಗೆ ಕೂರುತ್ತೇವೆ. ಬರೀ ಇಷ್ಟರಿಂದಲೇ ಅರ್ಧ ಜಗಳ ನಿಂತುಹೋಯಿತು. ಎರಡನೆಯದು, ಇರುವ ಸಂದರ್ಭದಲ್ಲೇ ಏನಾದರೂ ಬದಲಾಯಿಸುವುದು. ಟಿವಿ ಆಫ್. ಅವನು ನೆಲದ ಮೇಲೆ, ನಾನೂ ನೆಲದ ಮೇಲೆ. ಮೇಲಿನಿಂದ ಬಗ್ಗಿ ನೋಡುವಾಗ ನನಗೇ ಗೊತ್ತಿಲ್ಲದೆ ದನಿ ಏರುತ್ತಿತ್ತು. ಮೂರನೆಯದು ಗಮನ. ತಪ್ಪು ಉತ್ತರವನ್ನೇ ದಿಟ್ಟಿಸುವ ಬದಲು ಅವನು ಪೆನ್ಸಿಲ್ ಹಿಡಿದು ಹೇಗೆ ಲೆಕ್ಕ ಮಾಡುತ್ತಾನೆ ಅಂತ ನೋಡುವುದು.

ಹಾಗೆ ನೋಡಿದಾಗಲೇ ನಾಲ್ಕನೆಯದು ತಾನಾಗಿ ಬಂತು. ಮಾರನೇ ದಿನ ಕೇಳಿದೆ, ಪುಟ್ಟಾ, 35 ಹೇಗೆ ಬಂತು ಅಂತ ಹೇಳು. ಅವನು ಹೇಳಿದ: ಏಳರಲ್ಲಿ ಎರಡು ಹೋದರೆ ಐದು, ನಾಲ್ಕರಲ್ಲಿ ಒಂದು ಹೋದರೆ ಮೂರು. ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಅಂತ ಅವನಿಗೆ ಯಾರೋ ಹೇಳಿದ್ದರು, ಅವನು ಅದನ್ನು ಅಚ್ಚುಕಟ್ಟಾಗಿ ಪಾಲಿಸುತ್ತಿದ್ದ. ಮೂರು ಸಲವೂ ಒಂದೇ ಉತ್ತರ ಬಂದದ್ದು ಅಸಡ್ಡೆಯಿಂದಲ್ಲ, ಅಷ್ಟೊಂದು ಗಮನ ಕೊಟ್ಟದ್ದರಿಂದ. ಇದು ಗೊತ್ತಾದ ಕೂಡಲೇ ನನ್ನ ಸಿಟ್ಟು ಎಲ್ಲಿ ಹೋಯಿತೋ. ಅದನ್ನು ನಾನು ಅದುಮಿಡಲಿಲ್ಲ, ಸಿಟ್ಟಾಗಲು ಅಲ್ಲಿ ಏನೂ ಉಳಿದಿರಲಿಲ್ಲ. ಬೆಂಕಿಕಡ್ಡಿಗಳನ್ನು ಹತ್ತತ್ತರ ಕಟ್ಟು ಮಾಡಿ ಒಂದು ಕಟ್ಟು ಬಿಚ್ಚಿ ತೋರಿಸಿದೆ. 25 ಬಂತು.

ಈ ನಾಲ್ಕನೆಯದನ್ನೇ ಸಂಶೋಧಕರು ರೀಅಪ್ರೈಸಲ್ ಅನ್ನುತ್ತಾರೆ, ಅಂದರೆ ನಡೆದದ್ದನ್ನು ಇನ್ನೊಂದು ಕಣ್ಣಿಂದ ನೋಡುವುದು. ಎಲ್ಲಾ ಒಳ್ಳೆಯದಕ್ಕೇ ಅಂದುಕೊಳ್ಳುವುದಲ್ಲ ಇದು. ಹಾಗೆ ಸುಳ್ಳು ಸಮಾಧಾನ ಹೇಳಿಕೊಂಡರೆ ಮನಸ್ಸು ನಂಬುವುದಿಲ್ಲ. ಇಲ್ಲಿ ಬೇರೆ ಏನು ನಡೆಯುತ್ತಿರಬಹುದು ಅಂತ ನಿಜವಾಗಿ ಕೇಳಿಕೊಳ್ಳುವುದು. ಐದನೆಯದು ಕೊನೆಯದು: ಉಕ್ಕಿದ ಮೇಲೆ ಮುಖ, ಮಾತು, ಉಸಿರನ್ನು ಹಿಡಿಯುವುದು. ಅದಕ್ಕೂ ದಾರಿ ಇದೆ, ಮುಂದೆ ಹೇಳುತ್ತೇನೆ.

ಬೇಜಾರು ಅನ್ನುವ ಒಂದು ಪದ

ಮೇಲಿನ ಯಾವುದನ್ನೇ ಮಾಡಬೇಕಾದರೂ, ಬಂದಿರುವುದು ಯಾವ ಭಾವನೆ ಅಂತ ಮೊದಲು ಗೊತ್ತಾಗಬೇಕಲ್ವಾ? ಇದರಲ್ಲೇ ನಾವು ಎಡವುತ್ತೇವೆ. ಸಿನಿಮಾ ಬೋರ್ ಹೊಡೆದರೂ ಬೇಜಾರು. ಗೆಳತಿ ಮದುವೆಗೆ ಕರೆಯದಿದ್ದರೂ ಬೇಜಾರು. ಅಜ್ಜಿ ತೀರಿಕೊಂಡರೂ ಬೇಜಾರು, ಮಳೆ ನಿಲ್ಲದಿದ್ದರೂ ಬೇಜಾರು. ಉಳಿದದ್ದೆಲ್ಲ ಟೆನ್ಷನ್. ದಿನಕ್ಕೆ ಈ ಎರಡೇ ಪದದಲ್ಲಿ ಮನಸ್ಸಿನ ಸಂಸಾರ ನಡೆಸುತ್ತಿದ್ದೇವೆ.

ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಜೊತೆಯವರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಕೆಟ್ಟ ಭಾವನೆಗಳನ್ನು ಬಿಡಿಬಿಡಿಯಾಗಿ ಗುರುತಿಸಬಲ್ಲವರು ಅವುಗಳನ್ನು ನಿಭಾಯಿಸುವ ಪ್ರಯತ್ನವನ್ನೂ ಜಾಸ್ತಿ ಮಾಡುತ್ತಾರೆ ಅಂತ ಕಂಡುಬಂತು, ಅದರಲ್ಲೂ ಭಾವನೆ ಜೋರಾಗಿದ್ದಾಗ. ಕಾರಣ ಊಹಿಸುವುದು ಕಷ್ಟವಲ್ಲ. ಅದು ಮುನಿಸು ಅಂತ ಗೊತ್ತಾದರೆ ಆ ಮನುಷ್ಯನ ಹತ್ತಿರ ಮಾತಾಡಬೇಕು. ಒಂಟಿತನ ಅಂತ ಗೊತ್ತಾದರೆ ಯಾರಿಗಾದರೂ ಫೋನ್ ಮಾಡಬೇಕು. ಸುಸ್ತು ಅಂತ ಗೊತ್ತಾದರೆ ಮಲಗಬೇಕು. ಬರೀ ಬೇಜಾರು ಅಂದರೆ ಫೋನ್ ತೆಗೆದು ರೀಲ್ಸ್ ನೋಡುತ್ತಾ ಕೂರುತ್ತೇವೆ.

ಹೆಸರಿಡುವುದರಿಂದಲೇ ಸ್ವಲ್ಪ ಕಾವು ಇಳಿಯುತ್ತದೆ ಅನ್ನುವುದಕ್ಕೂ ಸಾಕ್ಷಿ ಇದೆ. ಲಾಸ್ ಏಂಜಲೀಸ್‌ನ ಮ್ಯಾಥ್ಯೂ ಲೀಬರ್‌ಮನ್ 2007ರಲ್ಲಿ ಜನರನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ ಸಿಟ್ಟಿನ, ಭಯದ ಮುಖಗಳನ್ನು ತೋರಿಸಿದರು. ಆ ಭಾವನೆಗೆ ಹೆಸರು ಹೇಳಿದಾಗ, ಮಿದುಳಿನಲ್ಲಿ ಅಪಾಯಕ್ಕೆ ಗಂಟೆ ಬಾರಿಸುವ ಅಮಿಗ್ಡಲಾ ಅನ್ನುವ ಭಾಗದ ಚಟುವಟಿಕೆ ಕಡಿಮೆ ಆಯಿತು. 2012ರಲ್ಲಿ ಇದೇ ತಂಡ ಜೇಡಕ್ಕೆ ಹೆದರುವವರನ್ನು ದೊಡ್ಡ ಜೇಡವೊಂದರ ಹತ್ತಿರ ಕರೆದೊಯ್ದಿತು. ಈ ಜೇಡ ಅಸಹ್ಯವಾಗಿದೆ, ನನ್ನ ಮೇಲೆ ಹಾರುತ್ತದೆ ಅಂತ ಭಯವಾಗುತ್ತಿದೆ ಅಂತ ಬಾಯಿಬಿಟ್ಟು ಹೇಳಿದವರ ಮೈ, ಇದು ಏನೂ ಮಾಡಲ್ಲ ಅಂತ ಸಮಾಧಾನ ಹೇಳಿಕೊಂಡವರಿಗಿಂತ, ಒಂದು ವಾರದ ನಂತರ ಜೇಡದ ಎದುರು ಕಡಿಮೆ ಬೆವರಿತು. ಮಗು ಹೆದರಿದಾಗ ಏನೂ ಆಗಲ್ಲ ಬಿಡು ಅನ್ನುವ ಮುಂಚೆ, ಭಯ ಆಯ್ತಾ ಕಂದಾ ಅಂತ ಕೇಳುವುದು ಯಾಕೆ ಒಳ್ಳೆಯದು ಅಂತ ನನಗೆ ಇದರಿಂದ ತಿಳಿಯಿತು.

ಮಾಡುವುದು ಹೀಗೆ. ಬೇಜಾರು ಅನ್ನಿಸಿದಾಗ ಆ ಪದವನ್ನು ಪಕ್ಕಕ್ಕಿಟ್ಟು ಇನ್ನೊಂದು ಪದ ಹುಡುಕಿ. ಕನ್ನಡದಲ್ಲಿ ಪದಗಳಿಗೆ ಏನು ಬರವೇ? ಅಳುಕು, ಕಳವಳ, ತಳಮಳ, ದುಗುಡ, ಕಸಿವಿಸಿ, ಮುಜುಗರ, ಮುನಿಸು, ಹೊಟ್ಟೆಕಿಚ್ಚು, ಹತಾಶೆ, ಅವಮಾನ, ಪೇಚಾಟ, ಹಳಹಳಿ, ಸಂಕಟ. ಒಂದೊಂದೂ ಬೇರೆ. ಅಳುಕು ಮುಂದೆ ಆಗುವುದರ ಬಗ್ಗೆ, ಹಳಹಳಿ ಆಗಿಹೋದದ್ದರ ಬಗ್ಗೆ. ಮುನಿಸು ಹತ್ತಿರದವರ ಮೇಲೆ ಮಾತ್ರ ಬರುತ್ತದೆ. ಅವತ್ತು ರಾತ್ರಿ ನನಗೆ ಬಂದದ್ದು ಸಿಟ್ಟು ಅಂತ ಅಂದುಕೊಂಡಿದ್ದೆ. ಆಮೇಲೆ ಕೂತು ಯೋಚಿಸಿದರೆ ಅದು ಅಳುಕು: ಇವನು ಹಿಂದೆ ಬಿದ್ದರೆ, ನಾನು ಕೆಲಸಕ್ಕೆ ಹೋಗುವುದರಿಂದಲೇ ಅಂತ ಜನ ಹೇಳಿದರೆ, ಅನ್ನುವ ಅಳುಕು. ಆ ಪದ ಸಿಕ್ಕಿದ ಮೇಲೆ ಮಗನ ಮೇಲೆ ಕಿರುಚುವುದಕ್ಕೆ ಅರ್ಥವೇ ಉಳಿಯಲಿಲ್ಲ.

ಉಕ್ಕಿಯೇ ಬಿಟ್ಟಾಗ

ಭಾವನೆ ತುಂಬಾ ಜೋರಾಗಿದ್ದಾಗ ಬೇರೆ ಕಣ್ಣಿಂದ ನೋಡು ಅಂದರೆ ಆಗುವುದಿಲ್ಲ. ಗಾಲ್ ಶೆಪ್ಪೆಸ್ 2011ರಲ್ಲಿ ತೋರಿಸಿದ್ದು ಇದನ್ನೇ: ಸಣ್ಣ ಮಟ್ಟದ ಭಾವನೆಗೆ ಜನ ಯೋಚನೆ ಬದಲಾಯಿಸುವ ದಾರಿ ಹಿಡಿಯುತ್ತಾರೆ, ಜೋರಾದದ್ದಕ್ಕೆ ಗಮನವನ್ನೇ ಬೇರೆ ಕಡೆ ತಿರುಗಿಸುತ್ತಾರೆ. ಅದು ಸರಿಯೂ ಹೌದು. ಹತ್ತಕ್ಕೆ ಎಂಟರಷ್ಟು ಸಿಟ್ಟು ಅಥವಾ ಗಾಬರಿ ಇದ್ದರೆ ತರ್ಕ ಮಾಡಬೇಡಿ, ಮೊದಲು ಮೈಯನ್ನು ಇಳಿಸಿ.

ಉಸಿರಿನದು ಹೀಗೆ: ಮೂಗಿನಿಂದ ಉಸಿರು ತೆಗೆದುಕೊಳ್ಳಿ, ಅದರ ಮೇಲೆ ಇನ್ನೊಂದು ಗುಟುಕು ಎಳೆದುಕೊಳ್ಳಿ, ಆಮೇಲೆ ಬಾಯಿಂದ ಉದ್ದಕ್ಕೆ, ನಿಧಾನಕ್ಕೆ ಬಿಡಿ. ನಿಟ್ಟುಸಿರು ಬಿಟ್ಟ ಹಾಗೆ. ದಿನಕ್ಕೆ ಐದು ನಿಮಿಷ, ಒಂದು ತಿಂಗಳು ಹೀಗೆ ಮಾಡಿದವರ ಮನಸ್ಸು ಅಷ್ಟೇ ಹೊತ್ತು ಧ್ಯಾನ ಮಾಡಿದವರಿಗಿಂತ ಜಾಸ್ತಿ ಹಗುರಾಯಿತು ಅಂತ ಸ್ಟ್ಯಾನ್‌ಫರ್ಡ್‌ನ 2023ರ ಅಧ್ಯಯನ ಹೇಳುತ್ತದೆ. ಇನ್ನೊಂದು, ಮುಖಕ್ಕೆ ತಣ್ಣೀರು. ತಣ್ಣೀರು ಮುಖಕ್ಕೆ ತಾಗಿದರೆ ಎದೆಬಡಿತ ನಿಧಾನ ಆಗುತ್ತದೆ. ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬೇಡಿ. ಆ ಜಾಗ ಬಿಟ್ಟು ಹೋಗುವುದಾದರೆ, ಹತ್ತು ನಿಮಿಷದಲ್ಲಿ ಬರ್ತೀನಿ ಅಂತ ಹೇಳಿ ಹೋಗಿ. ಹೇಳದೆ ಎದ್ದು ಹೋದರೆ ಎದುರಿನವರಿಗೆ ಅದು ಇನ್ನೊಂದು ಏಟು.

ನಿದ್ದೆಯ ಬಗ್ಗೆ ಒಂದೇ ಮಾತು. 2007ರ ಒಂದು ಅಧ್ಯಯನದಲ್ಲಿ ಒಂದೂವರೆ ದಿನ ನಿದ್ದೆಗೆಟ್ಟವರ ಅಮಿಗ್ಡಲಾ, ಕೆಟ್ಟ ಚಿತ್ರಗಳಿಗೆ ಶೇಕಡಾ 60ರಷ್ಟು ಜಾಸ್ತಿ ಪ್ರತಿಕ್ರಿಯಿಸಿತು. ನಿದ್ದೆ ಇಲ್ಲದೆ ಉಳಿದ ಯಾವ ಉಪಾಯವೂ ನಿಲ್ಲುವುದಿಲ್ಲ.

ಕೊರಗು

ಮೆಲುಕು ಹಾಕುವುದು ಅಂದರೆ ನಮಗೆ ಸಿಹಿ ನೆನಪು. ಕಹಿಯನ್ನು ಮತ್ತೆ ಮತ್ತೆ ಅಗಿಯುವುದಕ್ಕೆ ಕನ್ನಡದಲ್ಲಿ ಬೇರೆ ಪದವೇ ಇದೆ, ಕೊರಗು. ಅವನು ಯಾಕೆ ಹಾಗಂದ, ನಾನು ಯಾಕೆ ಸುಮ್ಮನಿದ್ದೆ, ನನಗೇ ಯಾಕೆ ಹೀಗಾಗುತ್ತದೆ. ಯೋಚನೆ ಮಾಡುತ್ತಿದ್ದೇನೆ ಅನ್ನಿಸುತ್ತದೆ, ಆದರೆ ಗಾಣದೆತ್ತಿನ ಹಾಗೆ ಸುತ್ತುತ್ತಿರುತ್ತೇವೆ.

ಸೂಸನ್ ನೋಲನ್ ಹೋಕ್ಸೆಮಾ ಇದನ್ನೇ ಬಹಳ ವರ್ಷ ಅಭ್ಯಾಸ ಮಾಡಿದವರು. ಅವರು ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳ ಮನಃಸ್ಥಿತಿಯನ್ನು ಅಳೆದು ಎರಡು ವಾರವಾಗಿತ್ತು ಅಷ್ಟೇ, 1989ರ ಅಕ್ಟೋಬರ್ 17ರಂದು ಅಲ್ಲಿ ಲೋಮಾ ಪ್ರಿಯೇಟಾ ಭೂಕಂಪ ಆಯಿತು. ಮತ್ತೆ ಅಳೆದರು. ಭೂಕಂಪಕ್ಕೆ ಮುಂಚೆಯೇ ಕೊರಗುವ ಅಭ್ಯಾಸ ಇದ್ದವರಲ್ಲಿ ಏಳು ವಾರದ ನಂತರವೂ ಖಿನ್ನತೆಯ ಲಕ್ಷಣ ಜಾಸ್ತಿ ಇತ್ತು. 2010ರಲ್ಲಿ ಅಮೇಲಿಯಾ ಆಲ್ಡಾವೋ ಜೊತೆ ಸೇರಿ 114 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಮಾನಸಿಕ ಕಾಯಿಲೆಗಳ ಜೊತೆ ಎಲ್ಲಕ್ಕಿಂತ ಗಟ್ಟಿ ನಂಟು ಕಂಡದ್ದು ಕೊರಗಿಗೇ. ಅದುಮಿಡುವುದಕ್ಕಿಂತಲೂ ಜಾಸ್ತಿ.

ನಿಲ್ಲಿಸು ಅಂದರೆ ನಿಲ್ಲುವುದಿಲ್ಲ. ಡೇನಿಯಲ್ ವೆಗ್ನರ್ 1987ರಲ್ಲಿ ವಿದ್ಯಾರ್ಥಿಗಳಿಗೆ ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದಿದ್ದರು. ಗಂಟೆ ಮತ್ತೆ ಮತ್ತೆ ಬಾರಿಸಿತು. ಹಾಗಾಗಿ ತಳ್ಳಬೇಡಿ, ಯೋಚನೆಗೆ ಬೇರೆ ರೂಪ ಕೊಡಿ. ನನಗೆ ಎರಡು ದಾರಿ ಕೈ ಹಿಡಿದವು. ಒಂದು ಬರೆಯುವುದು. ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ವಿದ್ಯಾರ್ಥಿಗಳಿಗೆ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ತಮ್ಮ ಜೀವನದ ದೊಡ್ಡ ನೋವಿನ ಬಗ್ಗೆ ಬರೆಸಿದರು. ನಡೆದದ್ದು ಮತ್ತು ಅನಿಸಿದ್ದು ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋದದ್ದು ಕಡಿಮೆ. ಬರೆದ ದಿನ ಮಾತ್ರ ಮನಸ್ಸು ಭಾರ ಆಗುತ್ತದೆ, ಅದಕ್ಕೆ ಹೆದರಬೇಡಿ. ತೀರಾ ಹೊಸ ಗಾಯ ಆಗಿದ್ದರೆ, ಬರೆಯುತ್ತಾ ತಡೆದುಕೊಳ್ಳಲು ಆಗದಿದ್ದರೆ, ನಿಲ್ಲಿಸಿ. ಕಾಗುಣಿತ ನೋಡಬೇಡಿ, ಯಾರಿಗೂ ತೋರಿಸಬೇಕಿಲ್ಲ, ಹರಿದು ಹಾಕಿದರೂ ಸರಿ.

ಇನ್ನೊಂದು ನನ್ನನ್ನು ನಾನೇ ಹೆಸರು ಹಿಡಿದು ಮಾತಾಡಿಸುವುದು. ಈಥನ್ ಕ್ರಾಸ್ 2014ರಲ್ಲಿ ತೋರಿಸಿದ ಹಾಗೆ, ಭಾಷಣಕ್ಕೆ ಮುಂಚೆ ನಾನು ಅನ್ನುವ ಬದಲು ತಮ್ಮ ಹೆಸರಿನಿಂದ ತಮಗೇ ಮಾತು ಹೇಳಿಕೊಂಡವರು ಚೆನ್ನಾಗಿ ಮಾತಾಡಿದರು, ಆಮೇಲೆ ಕೊರಗಿದ್ದೂ ಕಡಿಮೆ. ನೋಡು ಸುಮಾ, ಅವರು ಹಾಗಂದದ್ದು ನಿಜ, ಈಗ ಏನು ಮಾಡೋಣ ಹೇಳು, ಅಂತ. ತಂಗಿಗೆ ಹೇಳುವ ದನಿ ಬರುತ್ತದೆ. ನಮ್ಮ ದಾಸರು ಮನವೇ ಅಂತ ಕರೆದು ಮಾತಾಡಿಸುತ್ತಿದ್ದರಲ್ಲ, ಅದು ನೆನಪಾಗುತ್ತದೆ.

ಮನಸ್ಸನ್ನಲ್ಲ, ಪರಿಸ್ಥಿತಿಯನ್ನೇ ಬದಲಾಯಿಸಬೇಕಾದಾಗ

ಅಲಿಸನ್ ಟ್ರಾಯ್ 2013ರಲ್ಲಿ ಒಂದು ಮುಖ್ಯ ವಿಷಯ ತೋರಿಸಿದರು. ನಮ್ಮ ಕೈಯಲ್ಲಿಲ್ಲದ ಕಷ್ಟದಲ್ಲಿ ಬೇರೆ ಕಣ್ಣಿಂದ ನೋಡಬಲ್ಲವರಿಗೆ ಖಿನ್ನತೆ ಕಡಿಮೆ. ಆದರೆ ಬದಲಾಯಿಸಬಹುದಾದ ಕಷ್ಟದಲ್ಲಿ ಅದೇ ಕೌಶಲ ಇದ್ದವರಿಗೆ ಖಿನ್ನತೆ ಜಾಸ್ತಿ. ಮೂರು ತಿಂಗಳ ಸಂಬಳ ಬಾಕಿ ಇದ್ದರೆ ಉಸಿರಾಟ ಸಾಲದು, ಹೋಗಿ ಕೇಳಬೇಕು. ಮನೆಯಲ್ಲಿ ಯಾರಾದರೂ ಹೊಡೆಯುತ್ತಿದ್ದರೆ, ಪಾಪ ಅವರಿಗೂ ಟೆನ್ಷನ್ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಆ ಸಿಟ್ಟು ಮತ್ತು ಭಯ ಸರಿಯಾದದ್ದನ್ನೇ ಹೇಳುತ್ತಿವೆ.

ಇದೆಲ್ಲ ಸಾಲದಾದಾಗ

ಎರಡು ವಾರಕ್ಕಿಂತ ಜಾಸ್ತಿ ದಿನ ಮನಸ್ಸು ಮುದುಡಿಕೊಂಡೇ ಇದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಇಷ್ಟದ ಕೆಲಸವೂ ರುಚಿಸದಿದ್ದರೆ ಡಾಕ್ಟರನ್ನು ನೋಡಿ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇಕಡಾ 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಹೆಚ್ಚಿನವರು ಚಿಕಿತ್ಸೆ ಪಡೆದೇ ಇರಲಿಲ್ಲ. ಹೋಗುವುದಕ್ಕೆ ಮುಜುಗರ ಆದರೆ ಮೊದಲು 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮವರು ಯಾರಾದರೂ ಕಷ್ಟದಲ್ಲಿದ್ದರೆ ಮಾಡಬೇಕಾದದ್ದು ಇನ್ನೂ ಸರಳ. ಜೇಮ್ಸ್ ಕೋನ್ 2006ರಲ್ಲಿ 16 ಮಂದಿ ಹೆಂಡತಿಯರನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ ಸಣ್ಣ ಶಾಕ್ ಕೊಡುತ್ತೇವೆ ಅಂತ ಹೆದರಿಸಿದರು. ಗಂಡ ಕೈ ಹಿಡಿದಿದ್ದಾಗ ಮಿದುಳಿನ ಗಾಬರಿ ಎಲ್ಲಕ್ಕಿಂತ ಕಡಿಮೆ ಇತ್ತು, ಸಂಸಾರ ಚೆನ್ನಾಗಿದ್ದವರಲ್ಲಿ ಇನ್ನೂ ಕಡಿಮೆ. ಅಳಬೇಡ ಅನ್ನಬೇಡಿ. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡು, ಏನಾಯ್ತು ಹೇಳು ಅಂತ ಕೇಳಿ. ಅವರು ಸುಮ್ಮನಿದ್ದರೆ ನೀವೂ ಸುಮ್ಮನಿರಿ. ಸಾಯುವ ಯೋಚನೆ ಇರಬಹುದು ಅಂತ ಅನುಮಾನ ಬಂದರೆ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ, ನಿಮ್ಮ ಫೋನಿನಿಂದಲೇ 14416 ಒತ್ತಿ ಸ್ಪೀಕರ್ ಹಾಕಿ, ಆ ಮಾತು ಮುಗಿಯುವವರೆಗೂ ಅಲ್ಲೇ ಕೂತಿರಿ.